ಹನ್ನೊಂದು ಗೀಟು

ಪೆನ್ನು ಒಳಗೆ ಬಿಡುವಂತಿಲ್ಲ. ನಿಬ್ಬು ಲೋಹ.
ಅದಕ್ಕೇ ತೋರುಬೆರಳನ್ನು ತೊಡೆಯ ಮೇಲಿಟ್ಟು
ಅಲ್ಲೇ ಬರೆಯಿರಿ ಅಂದೆ, ಗಾಜಿನಾಚೆಯಿಂದ, ಮೈಕಿನಲ್ಲಿ.
ಡಗ್ ಡಗ್ ಡಗ್ ಅಂತ ಯಂತ್ರ ಶುರುವಾಯಿತು,
ಮೆಟ್ರೋಗೆ ಕಂಬ ನೆಡುವಾಗಿನ ಅದೇ ಸದ್ದು,
ಹೊಸೂರು ರಸ್ತೆಯವರಿಗೆ ಹೊಸದೇನಲ್ಲ.

ಲಿಯಾಂಗ್ ಸೂಯಿನ್. ಅರವತ್ತೆಂಟು. ಹೆಣ್ಣು. ಬಲಗೈ.
ಊರು ಎಂಬ ಖಾನೆಯಲ್ಲಿ ಶಿವಾಜಿನಗರ.
ಅಪ್ಪ ಹಲ್ಲಿನ ಡಾಕ್ಟರು; ಇವರು ಹಿಂದಿನ ಕೋಣೆಯಲ್ಲಿ
ಮೇಣ ಕೆತ್ತಿ ಅರ್ಧ ದಂಡಿಗೆ ದವಡೆ ಕಟ್ಟಿಕೊಟ್ಟವರು.
"ನಮ್ಮ ಕಾರ್ಪೊರೇಟರು ಪೋಸ್ಟರಲ್ಲಿ ನಕ್ಕಿದ್ದು
ನನ್ನ ಹಲ್ಲಲ್ಲಿ ಕಣಮ್ಮಾ."

ಒಂದು ಬೆಳಿಗ್ಗೆ ತಲೆಯೊಳಗೆ, ಎಡಗಡೆ, ಹಣೆಯಿಂದ ತುಸು ಹಿಂದೆ,
ಕಡಲೆಕಾಳಿನಷ್ಟು ಜಾಗಕ್ಕೆ ರಕ್ತ ಹೋಗುವುದು ನಿಂತಿತು.
ಮಾತು ಉಳಿಯಿತು. ಓದು ಉಳಿಯಿತು.
ಲೋಟ ಹಿಡಿಯುತ್ತಾರೆ, ಸೂಜಿಗೆ ದಾರ ಪೋಣಿಸುತ್ತಾರೆ.
ಚೀನೀ ಬರೆಯಹೋದರೆ ಮಾತ್ರ ಕೈ ನಿಂತುಬಿಡುತ್ತದೆ,
ಯಾವ ಮಹಡಿ ಅಂತ ಮರೆತ
ಪಾರ್ಸಲ್ ಹುಡುಗನ ಹಾಗೆ, ಲಿಫ್ಟಿನ ಬಾಗಿಲಲ್ಲಿ.

ಕನ್ನಡ ಬರೆಯಿರಿ ಅಂದರೆ ಬರೆದರು.
ಮುನಿಸಿಪಲ್ ಶಾಲೆಯ ಗುಂಡು ಅಕ್ಷರ:
ಲಕ್ಕೆ ಗುಡಿಸು, ಯಕ್ಕೆ ಇಳಿ, ಒಂದು ಸೊನ್ನೆ, ಅರ್ಧ ಗ.
ನಾವು ಕಿವಿಯಿಂದ ಬರೆಯುವ ಮಂದಿ.
ಸದ್ದು ಮುಂದೆ ಹೋದರೆ ಸಾಕು,
ಕೈ ಬಾಲ ಹಿಡಿದು ಹೋಗುತ್ತದೆ.
ಅವರು ಕಾಗದವನ್ನು ನನ್ನ ಕಡೆ ಸರಿಸಿದರು.
"ಇದು ನನ್ನ ಹೆಸರಿನ ಸದ್ದು. ಹೆಸರಲ್ಲ."

ತಮ್ಮ ಹೋಗಿ ನಲವತ್ತು ದಿನ.
ಸಮಾಧಿಗೆ ಕಲ್ಲು ಬಂದಿದೆ, ಕೆತ್ತುವ ಸವರಿಮುತ್ತು ದಿನಾ ಫೋನು:
ಹಾಳೆಯಲ್ಲಿ ಬರೆದುಕೊಡಿ ಮೇಡಂ, ಗೀಟಿಗೆ ಗೀಟು ಕೊರೀತೀನಿ.
ಸೊಸೆ ಮೊಬೈಲಿನಲ್ಲಿ ಆ ಅಕ್ಷರ ತೆಗೆದು ತೋರಿಸಿದಳಂತೆ.
ಹೂಂ ಇದೇ, ಅಂದರಂತೆ. ಆದರೆ ಇದು ಅಚ್ಚಿನದು,
ನಮ್ಮಪ್ಪ ಬರೆಸಿದ ಕೈ ಅಲ್ಲ.

ಪರದೆಯ ಮೇಲೆ ಬೂದು ಬಣ್ಣದ ಅಕ್ರೋಟು.
ನೆತ್ತಿಯ ಹಿಂಬದಿಗೆ ಕಿತ್ತಳೆ: ಆಕಾರ ಅಲ್ಲಿ ಇದೆ, ಇಡೀ ಇದೆ.
ಬೆರಳಿಗೆ ಹುಕುಂ ಹೊರಡುವ ಅಂಚಿನಲ್ಲೂ ಕಿತ್ತಳೆ.
ನಡುವೆ ಏನಿಲ್ಲ.
ಈಜಿಪುರದ ಫ್ಲೈಓವರ್ ಅಷ್ಟು ವರ್ಷ ನಿಂತಿತ್ತಲ್ಲ ಹಾಗೆ,
ಕಂಬ, ಕಂಬ, ಕಂಬದ ಮೇಲೆ ಕಾಗೆ.

ಫಾರಮ್ಮಿಗೆ ಸಹಿ ಹಾಕಹೋದೆ. ನಾಗರತ್ನ.
ತಕ್ಕೆ ನ ಒತ್ತು ನಾನು ಎಡದಿಂದ ಎಳೆಯುತ್ತೇನೋ ಬಲದಿಂದಲೋ
ಅಂತ ಯೋಚಿಸಿದ್ದೇ ತಪ್ಪಾಯಿತು.
ಇಪ್ಪತ್ತು ವರ್ಷದ ಸಹಿ ತೊದಲಿತು.

ಆಮೇಲೆ ಕೆಳಗೆ ಕ್ಯಾಂಟೀನಿನಲ್ಲಿ, ಸ್ಟೀಲಿನ ಮೇಜು, ಅರ್ಧ ಚಹಾ.
ಹೇಗಿರುತ್ತೆ ನಿಮ್ಮ ಅಕ್ಷರ, ಅಂದೆ.
"ಎಡಕ್ಕೆ ಮೂರು ಹನಿ ನೀರು. ಪಕ್ಕ ಒಂದು ಕತ್ತಿ,
ಕತ್ತಿಯ ಆಚೆ ಈಚೆ ಒಂದೊಂದು ಚುಕ್ಕಿ. ಕೆಳಗೆ ಮರ.
ಹನ್ನೊಂದು ಗೀಟು. ಅರ್ಥ ತೊಲೆ.
ಸೇತುವೆ ಅಂತಲೂ ಅಂತಾರೆ.
ಎಲ್ಲಾ ಗೊತ್ತು. ಯಾವುದಾದ ಮೇಲೆ ಯಾವುದು
ಅನ್ನೋದನ್ನ ಯಾರೋ ಎತ್ಕೊಂಡು ಹೋದ್ರು."

ಅಷ್ಟರಲ್ಲಿ ಬೋಂಡಾದ ವಿಷಯ ಬಂತು.
ಸೋಡಾ ಜಾಸ್ತಿ, ರಸೆಲ್ ಮಾರ್ಕೆಟ್ಟಿನ ಹಿಂದೆ ಒಬ್ಬ ಮಾಡ್ತಿದ್ದ,
ಅವನ ಕಾಲಕ್ಕೇ ಮುಗೀತು ಅದು, ಅಂತ
ನನ್ನ ಮುಖ ನೋಡಿಕೊಂಡೇ ಬೈಯುತ್ತಿದ್ದಾರೆ,
ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳು
ಒಂದು ಹನಿ ಇಟ್ಟಿತು. ಕೆಳಗೆ ಇನ್ನೊಂದು.
ಮೂರನೆಯದನ್ನು ಕೆಳಗಿನಿಂದ ಮೇಲಕ್ಕೆ ಚಿಮ್ಮಿತು.
ನಾನು ಬೋಂಡಾವನ್ನು ಬಿಡಲಿಲ್ಲ. ಉಪ್ಪೂ ಜಾಸ್ತಿ ಅಲ್ವಾ, ಅಂದೆ.
ಕತ್ತಿ ಬಂತು, ಬಾಗಿ, ಕೊಕ್ಕೆ ಹಾಕಿ.
ಓರೆಗೀಟು. ಆಚೆ ಚುಕ್ಕಿ, ಈಚೆ ಚುಕ್ಕಿ.
ಏಳು.

ಆಗ ಅವರು ಕೆಳಗೆ ನೋಡಿದರು.

ಬೆರಳು ಅಲ್ಲೇ ನಿಂತಿತು, ಮರ ಇರಬೇಕಾದ ಕಡೆ.
ಫ್ಯಾನಿನ ಗಾಳಿಗೆ ಮೊದಲ ಹನಿ ಒಣಗತೊಡಗಿತ್ತು.
ನೀಲಿ ಅಂಗಿಯ ಹುಡುಗ ಒದ್ದೆ ಬಟ್ಟೆ ಹಿಡಿದು
ಮೇಜಿನಿಂದ ಮೇಜಿಗೆ ಒರೆಸುತ್ತ ಬರುತ್ತಿದ್ದ.
ಕೈ ಅಡ್ಡ ಹಿಡಿದೆ.
ಇದೊಂದು ಬಿಡಪ್ಪಾ, ಅಂದೆ.
ಇನ್ನೂ ಕೂತಿದ್ದೀವಿ.